ಹಗ್ಗದ ಬೆಲೆಯೂ ನವೋದ್ಯಮದ ಗೆಲುವೂ

ವಚನವೊಂದನ್ನು ಎತ್ತಿಕೊಂಡು ಅದರ ಪದ ಪದವನ್ನೂ ಬಿಡಿಸುತ್ತ ಹೋಗುವುದು ಈ ಅಂಕಣದ ವಾಡಿಕೆ. ಈ ಸಲ ಆ ಕ್ರಮವನ್ನು ತುಸು ಬದಿಗಿರಿಸಿ, ಭಕ್ತರೊಬ್ಬರು ಕೇಳಿದ ಪ್ರಶ್ನೆಯೊಂದನ್ನು ಎತ್ತಿಕೊಳ್ಳುತ್ತಿದ್ದೇನೆ. ಮಂಗಳೂರಿನ ಪಣಂಬೂರು ಪರಿಸರದಲ್ಲಿ ಬಂದರು, ಕಾರ್ಖಾನೆ, ಬ್ಯಾಂಕುಗಳ ಉದ್ಯೋಗಕ್ಕಾಗಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳು ಬಹಳವಿವೆ. ಅಂಥ ಮನೆಯೊಂದರಲ್ಲಿ ನಡೆದ ಶಿವಾನುಭವ ಗೋಷ್ಠಿಯ ಕೊನೆಗೆ, ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ, ತಾಯಿಯೊಬ್ಬರು ಕೇಳಿದರು: “ನಮ್ಮ ಮಗ ಚಲೋ ನೌಕ್ರಿ ಬಿಟ್ಟು ಸ್ಟಾರ್ಟಪ್ ಅಂತ ಮಾಡ್ಯಾನ್ರಿ. ಮಾಡಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದು ಗೆದ್ದೈತಿ ಅಂತ ನಮಗ ಹೆಂಗ ಗೊತ್ತಾಗತೈತ್ರಿ?”

ಪ್ರಶ್ನೆ ಸರಳವೆಂದು ತೋರುತ್ತದೆ. ಹೊಲ ಮಾಡುವವನ ಗೆಲುವು ಸುಗ್ಗಿಯಲ್ಲಿ ಕಾಣುತ್ತದೆ. ನೌಕರಿಯವನದು ಬಡ್ತಿಯಲ್ಲಿ, ಕಡೆಗೆ ನಿವೃತ್ತಿಯ ದಿನ ಹಾಕುವ ಹಾರದಲ್ಲಿ. ಅಂಗಡಿ ಇಟ್ಟವನ ಗೆಲುವನ್ನು ಸಂಜೆ ಗಲ್ಲಾಪೆಟ್ಟಿಗೆ ತೆರೆದು ಎಣಿಸಬಹುದು. ನವೋದ್ಯಮದ ಗೆಲುವನ್ನು ಎಲ್ಲಿ ನೋಡಬೇಕು? ವರ್ಷಗಟ್ಟಲೆ ನಷ್ಟದಲ್ಲಿ ನಡೆದರೂ ಪತ್ರಿಕೆಗಳು ಅದನ್ನು ಗೆದ್ದ ಕಂಪನಿ ಎನ್ನುತ್ತವೆ. ಲಾಭದಲ್ಲಿ ನಡೆಯುವ ಇಪ್ಪತ್ತು ಜನರ ಸಣ್ಣ ಕಂಪನಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಮಗನನ್ನೇ ಕೇಳಿದರೆ “ಫಂಡಿಂಗ್ ಬಂದರೆ ಗೆದ್ದ ಹಾಗೆ” ಎನ್ನುತ್ತಾನಂತೆ. ತಾಯಿಯ ಗೊಂದಲಕ್ಕೆ ಕಾರಣವಿದೆ.

ಕೇಂದ್ರ ಸರ್ಕಾರ 2016ರ ಜನವರಿ 16ರಂದು ‘ಸ್ಟಾರ್ಟಪ್ ಇಂಡಿಯಾ’ ಯೋಜನೆಯನ್ನು ಆರಂಭಿಸಿತು. ಕರ್ನಾಟಕವು ಅದಕ್ಕೂ ಮೊದಲೇ, 2015ರಲ್ಲಿ, ತನ್ನದೇ ನವೋದ್ಯಮ ನೀತಿಯನ್ನು ಪ್ರಕಟಿಸಿತ್ತು. ಅಲ್ಲಿಂದ ಈಚೆಗೆ ‘ಫಂಡಿಂಗ್’, ‘ವ್ಯಾಲ್ಯುಯೇಶನ್’, ‘ಯೂನಿಕಾರ್ನ್’ ಎಂಬ ಮಾತುಗಳು ನಮ್ಮ ಹಳ್ಳಿಯ ಮನೆಗಳವರೆಗೂ ಬಂದಿವೆ. ಈ ಮಾತುಗಳ ಹಿಂದಿನ ಲೆಕ್ಕವನ್ನು ಹಿರಿಯರಿಗಾಗಿ ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು. ಕಂಪನಿಯೊಂದರ ಹತ್ತನೆಯ ಒಂದು ಪಾಲನ್ನು ಹೂಡಿಕೆದಾರನೊಬ್ಬ 10 ಕೋಟಿ ರೂಪಾಯಿ ಕೊಟ್ಟು ಪಡೆದನೆನ್ನಿ. ಆಗ ಇಡೀ ಕಂಪನಿಯ ಬೆಲೆ 100 ಕೋಟಿ ಎಂದು ಲೆಕ್ಕ ಹಾಕುತ್ತಾರೆ. ಕಂಪನಿಯ ಕೈಗೆ ಬಂದದ್ದು 10 ಕೋಟಿ; ಉಳಿದ 90 ಕೋಟಿ ಕಾಗದದ ಮೇಲಿನ ಎಣಿಕೆ. ಆ 10 ಕೋಟಿಯಾದರೂ ಸಂಪಾದನೆಯಲ್ಲ. ಮುಂದೆ ಹಲವು ಪಟ್ಟಾಗಿ ತನಗೆ ಮರಳೀತೆಂಬ ನಿರೀಕ್ಷೆಯಿಂದ ಒಬ್ಬನು ಇಟ್ಟ ಹಣ ಅದು. ಹೀಗೆ ಎಣಿಸಿದ ಬೆಲೆ 100 ಕೋಟಿ ಡಾಲರ್ ಮುಟ್ಟಿದರೆ ಆ ಕಂಪನಿಗೆ ಯೂನಿಕಾರ್ನ್ ಎಂಬ ಬಿರುದು. ಬೀಜಕ್ಕೆಂದು ಸಾಲ ತಂದ ದಿನವೇ ರೈತನ ಮನೆಯಲ್ಲಿ ಸುಗ್ಗಿಯ ಹಬ್ಬ ಮಾಡಿದಂತೆ ಇದು ಎಂದು ನನಗೆ ಅನ್ನಿಸುವುದುಂಟು. ಸಾಲ ಬೇಕು, ಬೀಜವೂ ಬೇಕು, ಹಬ್ಬಕ್ಕೆ ಮಾತ್ರ ಹೊತ್ತಾಗಿಲ್ಲ.

ಇಲ್ಲಿ ನುಲಿಯ ಚಂದಯ್ಯನವರ ಕಥೆ ನೆನಪಾಗದೆ ಇರದು. ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣರು ಅವರು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಜಾರಿಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರಸಂಗವನ್ನು ಎಲ್ಲರೂ ಕೇಳಿದ್ದೇವೆ. ಆ ಕಥೆಯ ಮುಂದಿನ ಭಾಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ಬೆನ್ನುಹತ್ತಿ ಬಂದ ಲಿಂಗಯ್ಯನಿಗೆ ಹಗ್ಗ ಮಾರಿ ತರುವ ಕೆಲಸ ಒಪ್ಪಿಸಲಾಗುತ್ತದೆ. ಲಿಂಗಯ್ಯ ಹಗ್ಗವನ್ನು ಬಸವಣ್ಣನವರಲ್ಲಿಗೆ ಒಯ್ದಾಗ, ಹೊತ್ತು ತಂದವರಾರೆಂದು ಅರಿತ ಬಸವಣ್ಣನವರು ಅದರ ಯೋಗ್ಯತೆಗೆ ಮೀರಿ ಹೊನ್ನು ಕೊಟ್ಟು ಕಳುಹಿಸುತ್ತಾರೆ. ಚಂದಯ್ಯನವರು ಆ ಹೊನ್ನನ್ನು ಒಪ್ಪಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆ ಎಷ್ಟೋ ಅಷ್ಟೇ ತನ್ನದು, ಮಿಕ್ಕದ್ದು ಮರಳಿ ಹೋಗಬೇಕು ಎಂದರು.

ಈ ಕಥೆಯನ್ನು ವೈರಾಗ್ಯದ ಉದಾಹರಣೆಯಾಗಿ ಪುರಾಣಗಳಲ್ಲಿ ಹೇಳುತ್ತಾರೆ. ನನಗೆ ಇದರಲ್ಲಿ ವ್ಯಾಪಾರದ ವಿವೇಕವೂ ಕಾಣುತ್ತದೆ. ಹಗ್ಗಕ್ಕೆ ಒಂದು ಸಾವಿರ ಹೊನ್ನು ಬಂದದ್ದು ಹಗ್ಗದ ಗುಣದಿಂದಲ್ಲ, ತಂದವನ ಮೇಲಿನ ಭಕ್ತಿಯಿಂದ. ಅದನ್ನೇ ಹಗ್ಗದ ಬೆಲೆಯೆಂದು ನಂಬಿದರೆ ಮರುದಿನ ಚಂದಯ್ಯನವರು ಏನು ಮಾಡಬೇಕಿತ್ತು? ಹತ್ತು ಆಳು ಇಟ್ಟು ರಾಶಿ ರಾಶಿ ಹಗ್ಗ ಹೊಸೆಸಿ ಸಾವಿರ ಹೊನ್ನಿನ ಕನಸಿನಲ್ಲಿ ಕಲ್ಯಾಣದ ಪೇಟೆಗೆ ಒಯ್ಯಬೇಕಿತ್ತು. ಪೇಟೆಯವರು ದನ ಕಟ್ಟುವ ಹಗ್ಗಕ್ಕೆ ಕೊಡುವ ಕಾಸನ್ನೇ ಕೊಡುತ್ತಿದ್ದರು. ಆ ಆಳುಗಳ ಕೂಲಿ ಎಲ್ಲಿಂದ ಬರುತ್ತಿತ್ತು?

ಇದು ಬರಿಯ ಊಹೆಯಲ್ಲ. ಬೆಂಗಳೂರಿನಲ್ಲಿ ಬೆಳೆದ ಬೈಜೂಸ್ ಕಂಪನಿಯ ಬೆಲೆಯನ್ನು 2022ರಲ್ಲಿ 2,200 ಕೋಟಿ ಡಾಲರ್ ಎಂದು ಎಣಿಸಲಾಗಿತ್ತು. 2024ರ ಆರಂಭದ ಹೊತ್ತಿಗೆ ಅಲ್ಲಿನ ನೌಕರರಿಗೆ ಸಂಬಳ ಸಮಯಕ್ಕೆ ಸಿಗುತ್ತಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆಗೆ ಆದೇಶ ನೀಡಿತು. ನಡುವೆ ಎರಡೇ ವರ್ಷ. ಆ ಬೆಲೆ ಇಳಿದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಸಂಬಳದ ಸುದ್ದಿ. ಆ ಕಂಪನಿಯಲ್ಲಿ ದುಡಿದವರ ಪೈಕಿ ಹಲವರು ಊರಿನಲ್ಲಿ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಹಣ ಕಳುಹಿಸುವ ಮಕ್ಕಳೇ ಆಗಿದ್ದಾರು.

ಹಾಗಾದರೆ ಗೆಲುವನ್ನು ಎಲ್ಲಿ ನೋಡೋಣ? ದೂರ ಹೋಗಬೇಕಾಗಿಲ್ಲ, ಆ ತಾಯಿ ಇರುವ ಪಣಂಬೂರಿನಲ್ಲೇ ಸುತ್ತಲೂ ಕಣ್ಣಾಡಿಸಬಹುದು.

ಪಣಂಬೂರಿನ ನವಮಂಗಳೂರು ಬಂದರು ಪ್ರಕೃತಿ ಕೊಟ್ಟ ಬಂದರಲ್ಲ. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವಲ್ಲಿರುವ ಹಳೆಯ ಬಂದರಿಗೆ ದೊಡ್ಡ ಹಡಗುಗಳು ಬರಲಾರವೆಂದು, ಉತ್ತರಕ್ಕೆ ಸರಿದು, ದಡದ ನೆಲವನ್ನೇ ಅಗೆದು ಕಡಲನ್ನು ಒಳಕ್ಕೆ ಕರೆದು ಮಾಡಿದ ಬಂದರು. 1974ರ ಮೇ 4ರಂದು ಅದನ್ನು ದೇಶದ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಮರುವರ್ಷ, 1976ರಲ್ಲಿ, ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇದು ಸರ್ಕಾರದ ಕಂಪನಿ, ಇಂದಿನ ಅರ್ಥದ ನವೋದ್ಯಮವಲ್ಲ. ಆದರೂ ನವೋದ್ಯಮದವರು ಓದಬೇಕಾದ ಕಥೆ ಇದರಲ್ಲಿದೆ.

ಕುದುರೆಮುಖದ ಅದಿರಿಗೆ ಇದ್ದ ಗಿರಾಕಿ ಒಬ್ಬನೇ, ಇರಾನ್ ದೇಶ. ಹಣ ಕೊಡುವುದೂ ಇರಾನ್, ಅದಿರು ಕೊಳ್ಳುವುದೂ ಇರಾನ್ ಎಂಬ ಒಪ್ಪಂದ. ಗಣಿ, ಕಾರ್ಖಾನೆ, ಘಟ್ಟದ ಮೇಲಿನಿಂದ ಪಣಂಬೂರಿನವರೆಗೆ ಅದಿರಿನ ಕೆಸರನ್ನು ಇಳಿಸಿ ತರುವ 67 ಕಿಲೋಮೀಟರ್ ಉದ್ದದ ಕೊಳವೆ, ಎಲ್ಲವೂ ಸಿದ್ಧವಾಗುತ್ತಿದ್ದಾಗಲೇ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಹಾ ಪದಚ್ಯುತನಾದನು. ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಇದ್ದೊಬ್ಬ ಗಿರಾಕಿ ಇಲ್ಲವಾದಂತೆ ಆಯಿತು. ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿತು. ಅದಿರಿನ ಪುಡಿಯನ್ನು ಹಾಗೆಯೇ ಮಾರುವುದು ಸಾಲದೆಂದು ಪುಡಿಯನ್ನು ಉಂಡೆಯಾಗಿ ಕಟ್ಟಿ ಬೇಯಿಸುವ ಪೆಲೆಟ್ ಕಾರ್ಖಾನೆಯನ್ನು 1987ರಲ್ಲಿ ಪಣಂಬೂರಿನಲ್ಲಿ ಆರಂಭಿಸಿತು. ಕಷ್ಟ ಬಂದಾಗ ದಾರಿ ಬದಲಿಸುವ ಈ ಜಾಣ್ಮೆಗೆ ಇಂದಿನ ಹುಡುಗರು ಇಂಗ್ಲಿಷಿನಲ್ಲಿ ಬೇರೊಂದು ಹೆಸರು ಇಟ್ಟುಕೊಂಡಿದ್ದಾರೆ. ಅಲ್ಲಿಗೆ ಕಥೆ ನಿಲ್ಲಿಸಿದರೆ ಅದು ಗೆಲುವಿನ ಕಥೆ.

ಆದರೆ ಕಥೆ ಅಲ್ಲಿ ನಿಲ್ಲಲಿಲ್ಲ. ಗಣಿ ಇದ್ದದ್ದು ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಮಲೆಯ ಮಗ್ಗುಲಲ್ಲಿ. ಗಣಿಯ ಕೆಸರು ಭದ್ರೆಗೆ ಸೇರುತ್ತಿದೆ, ಕಾಡು ಕರಗುತ್ತಿದೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಆ ಮೇಲೆ ಕಂಪನಿ ಹೊರಗಿನ ಅದಿರನ್ನು ತಂದು ಪಣಂಬೂರಿನಲ್ಲಿ ಉಂಡೆ ಕಟ್ಟುವ ಕೆಲಸಕ್ಕೆ ಬಂತು. ಇನ್ನು ಬಂದರಿನ ಲೆಕ್ಕ. ಅದಕ್ಕಾಗಿ ಪಣಂಬೂರು, ಬೈಕಂಪಾಡಿಯ ಎಷ್ಟೋ ಕುಟುಂಬಗಳು ಮನೆ, ಗದ್ದೆ, ದೈವಸ್ಥಾನದ ನೆಲ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಕಡೆಗೆ ಹೋಗಿ ನೆಲೆಸಬೇಕಾಯಿತು. ಬಂದರು ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಈ ಬಂದರಿನಿಂದ ಲಕ್ಷಾಂತರ ಜನ ಉಣ್ಣುತ್ತಿದ್ದಾರೆ, ನಮ್ಮ ಗೋಷ್ಠಿಯ ಆ ಮನೆಯವರೂ ಸೇರಿ. ನಾನು ಹೇಳುವುದು ಇಷ್ಟೆ: ಉದ್ಯಮದ ಜಮಾಖರ್ಚಿನಲ್ಲಿ ಬರೆದಿರದ ಖರ್ಚನ್ನು ಯಾರೋ ಕೊಟ್ಟಿರುತ್ತಾರೆ. ಒಂದು ಕಡೆ ನದಿ, ಇನ್ನೊಂದು ಕಡೆ ಊರು ಬಿಟ್ಟವರು. ಆ ಖರ್ಚನ್ನು ಬರೆಯದೆ ಗೆಲುವಿನ ಲೆಕ್ಕ ಮುಗಿಸಬಾರದು. ಇದು ಗಣಿಗೆ ಮಾತ್ರ ಅನ್ವಯಿಸುವ ಮಾತೆಂದು ಕಂಪ್ಯೂಟರಿನ ಮುಂದೆ ಕುಳಿತು ಉದ್ಯಮ ಕಟ್ಟುವ ಹುಡುಗರು ತಿಳಿಯಬಾರದು. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತರಕಾರಿ ಎಂಬ ಮಾತು ಕೊಟ್ಟವನು ಕಂಪನಿಯ ಯಜಮಾನ. ಮಂಗಳೂರಿನ ಮಳೆಯಲ್ಲಿ ಸ್ಕೂಟರಿನ ಮೇಲೆ ಅದನ್ನು ಉಳಿಸಿಕೊಡುವವನು ಬೇರೊಬ್ಬ.

ಈಗ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ನಿಜವಾದ ನವೋದ್ಯಮಗಳ ಮಾತಿಗೆ ಬರುತ್ತೇನೆ. ಸ್ಟಾರ್ಟಪ್ ಎಂಬ ಶಬ್ದ ಹುಟ್ಟುವ ಮೊದಲೇ ಈ ಕರಾವಳಿ ಅವುಗಳ ತವರಾಗಿತ್ತು. 1906ರಲ್ಲಿ ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈ ಅವರು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಆರಂಭಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕಾದ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳ್ತನದಲ್ಲಿ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಲ್ಲಿ ಕಾಲು ಶತಮಾನದೊಳಗೆ ಇಷ್ಟು.

ಇವುಗಳಲ್ಲಿ ಸಿಂಡಿಕೇಟಿನ ಹುಟ್ಟನ್ನು ಗಮನಿಸಿ. ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲ. ಅವರಿಗೆ ಸಾಲ ಕೊಡುವವರಿಲ್ಲ. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಈ ಮೂವರು 8,000 ರೂಪಾಯಿ ಬಂಡವಾಳದಲ್ಲಿ ಸಂಸ್ಥೆ ಆರಂಭಿಸಿದರು. 1928ರಲ್ಲಿ ‘ಪಿಗ್ಮಿ’ ಠೇವಣಿ ಬಂತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಂಡು ಹೋಗುವ ವ್ಯವಸ್ಥೆ ಅದು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವಳು, ಗೂಡಂಗಡಿಯವನು, ಇವರು ಉಳಿತಾಯ ಮಾಡಬಲ್ಲರೆಂದು ನಂಬಿದ್ದೇ ಆ ಯೋಜನೆಯ ಬಂಡವಾಳ. ಇಂದು ಮೊಬೈಲಿನಲ್ಲಿ ಸಣ್ಣ ಉಳಿತಾಯ ಮಾಡಿಸುವ ಕಂಪನಿಗಳು ತಮ್ಮದು ಹೊಸ ಶೋಧವೆಂಬಂತೆ ಮಾತನಾಡುವಾಗ ಕರಾವಳಿಯ ಅಜ್ಜಿಯರು ನಗುತ್ತಾರೆ.

ಈಗ ಲೆಕ್ಕ ನೋಡಿ. 1969ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ 1980ರಲ್ಲಿ ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಕರಗಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಹೆಸರು ಉಳಿಯುವುದೇ ಗೆಲುವೆಂದರೆ ಸಿಂಡಿಕೇಟ್ ಸೋತಿದೆ. ಸಂಸ್ಥಾಪಕನ ಕೈಯಲ್ಲಿ ಉಳಿಯುವುದೇ ಗೆಲುವೆಂದರೆ 1969ರಲ್ಲಿಯೇ ಸೋತಿತ್ತು. ವಿಲೀನದ ದಿನ ಕರಾವಳಿಯ ಜನ ನೊಂದದ್ದು ನಿಜ, ಆ ನೋವು ನ್ಯಾಯವಾದದ್ದು. ಆದರೆ 1925ರಲ್ಲಿ ಹೊರಟದ್ದು ಯಾವ ಕೊರತೆಯನ್ನು ನೀಗಿಸಲು? ಬಡವನಿಗೆ ಬ್ಯಾಂಕಿಲ್ಲ ಎಂಬ ಕೊರತೆ. ಅದು ನೀಗಿತು. ಪಿಗ್ಮಿಯ ದಾರಿಯನ್ನು ರಾಜ್ಯದ ಸಹಕಾರಿ ಸಂಘಗಳೂ ಹಿಡಿದವು. ಈಗಲೂ ಸಂಜೆಯಾದರೆ ಪೇಟೆಯ ಅಂಗಡಿಗಳ ಮುಂದೆ ಕೈಯಲ್ಲಿ ಯಂತ್ರ ಹಿಡಿದ ಪಿಗ್ಮಿ ಕಲೆಕ್ಟರ್ ನಿಲ್ಲುತ್ತಾನೆ. ಸುಬ್ಬರಾವ್ ಪೈಗಳ ವಿಷಯ ಇನ್ನೂ ಸೋಜಿಗದ್ದು. ಫಂಡ್ ಆರಂಭಿಸಿದ ಮೂರೇ ವರ್ಷಕ್ಕೆ, 1909ರಲ್ಲಿ, ಅವರು ತೀರಿಕೊಂಡರು. ಅದಕ್ಕೂ ಮೊದಲು, 1891ರಲ್ಲಿ, ಅವರು ಆರಂಭಿಸಿದ ಕೆನರಾ ಹೈಸ್ಕೂಲ್ ಆಗಲೇ ನಡೆಯುತ್ತಿತ್ತು. ಅವರಿಲ್ಲದ ಒಂದು ಶತಮಾನಕ್ಕೂ ಹೆಚ್ಚು ಕಾಲ ಅವರ ಬ್ಯಾಂಕು ನಡೆದುಬಂದಿದೆ. ನಾನಿಲ್ಲದೆ ಇದು ನಡೆಯದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಯುವ ಉದ್ಯಮಿಗಳು ಆ ಮಾತು ಹೊಗಳಿಕೆಯೋ ದೂರೋ ಎಂದು ಒಮ್ಮೆ ಯೋಚಿಸಬೇಕು.

ಪಿಗ್ಮಿಯನ್ನು ಹೊಗಳಿ ಕೈತೊಳೆದುಕೊಂಡರೆ ಅರ್ಧ ಸತ್ಯವಾಗುತ್ತದೆ. ಬಿಸಿಲಿನಲ್ಲಿ ಮನೆಮನೆ ಅಲೆದ ಆ ಕಲೆಕ್ಟರುಗಳನ್ನು ಬ್ಯಾಂಕುಗಳು ಬಹುಕಾಲ ತಮ್ಮ ನೌಕರರೆಂದು ಒಪ್ಪಲಿಲ್ಲ. ಅವರು ಕಮಿಷನ್ ಏಜೆಂಟರು, ಕೆಲಸಗಾರರಲ್ಲ ಎಂಬುದು ಬ್ಯಾಂಕುಗಳ ವಾದವಾಗಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಅವರೂ ಕಾರ್ಮಿಕರೇ, ಅವರು ಪಡೆಯುವ ಕಮಿಷನ್ನೂ ಕೂಲಿಯೇ ಎಂಬ ತೀರ್ಪು 2001ರಲ್ಲಿ ಬಂತು. ಯೋಜನೆ ಆರಂಭವಾಗಿ ಎಪ್ಪತ್ಮೂರು ವರ್ಷಗಳ ಮೇಲೆ! ಇಂದು ಊಟ, ಸಾಮಾನು ತಲುಪಿಸುವ ಹುಡುಗರನ್ನು ಕಂಪನಿಗಳು ‘ಪಾರ್ಟ್‌ನರ್’ ಎಂದು ಕರೆಯುವಾಗ ನಡೆಯುತ್ತಿರುವುದು ಅದೇ ಹಳೆಯ ವಾದ. ಕರ್ನಾಟಕ ಸರ್ಕಾರವು 2025ರಲ್ಲಿ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕಾಯ್ದೆ ತಂದು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕೆಂದು ವಿಧಿಸಿತು. ಕಾಯ್ದೆ ಬರಲಿ, ಒಳ್ಳೆಯದು. ಆದರೆ ನಮ್ಮ ಮನೆಯ ಹುಡುಗನೊಬ್ಬ ಅಂಥ ಕಂಪನಿ ಕಟ್ಟುತ್ತಿದ್ದರೆ, ಕಾಯ್ದೆ ಬರುವವರೆಗೆ ಕಾಯದೆ ಆ ಶುಲ್ಕವನ್ನು ತಾನಾಗಿ ಎತ್ತಿಡುವವನಾಗಿರಲಿ ಎಂಬುದು ನನ್ನ ಆಸೆ. ದಾಸೋಹವೆಂದರೆ ವರ್ಷದ ಕೊನೆಗೆ ಉಳಿದದ್ದರಲ್ಲಿ ಕೊಡುವ ದೇಣಿಗೆ ಎಂದು ಅರ್ಥ ಮಾಡಿಕೊಂಡಿದ್ದೇವೆ. ಶರಣರಲ್ಲಿ ಅದು ಗಳಿಕೆಯ ಜೊತೆಗೇ ಹೆಣೆದುಕೊಂಡಿತ್ತು.

ಇಲ್ಲಿ ಕೆಲವರು ಕೇಳಿಯಾರು: ಹಾಗಾದರೆ ಲಾಭ ಪಾಪವೇ? ಖಂಡಿತ ಅಲ್ಲ. ನಮ್ಮ ಪ್ರವಚನಗಳಲ್ಲಿ ಬಡತನವನ್ನೇ ಸದ್ಗುಣವೆಂಬಂತೆ ಚಿತ್ರಿಸುವ ರೂಢಿಯೊಂದು ಬೆಳೆದಿದೆ, ಅದರಲ್ಲಿ ನನಗೆ ನಂಬಿಕೆಯಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗವನ್ನೂ ಹಾಗೆಯೇ ತಪ್ಪಾಗಿ ಬಳಸುತ್ತಾರೆ. ಲಕ್ಕಮ್ಮನವರು ಅಕ್ಕಿ ಬೇಡವೆನ್ನಲಿಲ್ಲ. ದಿನದ ದಾಸೋಹಕ್ಕೆ ಎಷ್ಟು ಬೇಕೆಂಬ ಅಳತೆ ಅವರಿಗೆ ಗೊತ್ತಿತ್ತು. ಲಾಭವಿಲ್ಲದ ಉದ್ಯಮ ಕೂಲಿ ಕೊಡಲಾರದು. ಕೂಲಿ ಕೊಡಲಾರದವನು ದಾಸೋಹದ ಮಾತನ್ನೇ ಆಡಬಾರದು. ಇಲ್ಲಿಂದ ಉತ್ತರಕ್ಕಿರುವ ಮೂಲ್ಕಿಯ ಕಡೆಯಿಂದ ಮುಂಬಯಿಗೆ ಹೋದ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ಐಸ್‌ಕ್ರೀಮ್ ಅಂಗಡಿ ತೆರೆದಾಗ, ಐಸ್‌ಕ್ರೀಮೊಂದನ್ನೇ ನಂಬಿದರೆ ಜನ ಬಾರರೆಂದು ಜೊತೆಗೆ ಪಾವ್‌ಭಾಜಿಯನ್ನೂ ಮಾರಿದರು. ಅಂಗಡಿ ತನ್ನ ಕಾಲ ಮೇಲೆ ನಿಲ್ಲಲೆಂದು ಮಾಡಿದ ಆ ಉಪಾಯದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2024ರಲ್ಲಿ ಅವರು ತೀರಿಕೊಂಡಾಗ ‘ನ್ಯಾಚುರಲ್ಸ್’ ಹೆಸರು ದೇಶಕ್ಕೆಲ್ಲ ಪರಿಚಿತವಾಗಿತ್ತು.

ಲಾಭವೂ ಕೊರತೆ ನೀಗಿಸುವುದೂ ಒಂದಾಗಿ ನಡೆದ ಉದಾಹರಣೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ವ್ಯಾಪಾರಿಗಳು ಹೇಳಿದ ದರಕ್ಕೆ ತಲೆಬಾಗಬೇಕಾಗಿದ್ದ ದಿನಗಳಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ‘ಕ್ಯಾಂಪ್ಕೊ’ ಸಹಕಾರಿ ಸಂಸ್ಥೆ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಅಡಿಕೆ ಬೆಳೆಗಾರರು ಅದರ ಸದಸ್ಯರು. ಕೆಲವೇ ವರ್ಷಗಳಲ್ಲಿ ಕೋಕೋಗೂ ಅದೇ ಗತಿ ಬಂತು. ಬೆಳೆಯಿರೆಂದು ಹುರಿದುಂಬಿಸಿದ್ದ ಖಾಸಗಿ ಕೊಳ್ಳುವವರು ಹಿಂದೆ ಸರಿದಾಗ ತೋಟದಲ್ಲಿ ಕೋಕೋ ಕಾಯಿ ಕೊಳೆಯತೊಡಗಿತು. ಕ್ಯಾಂಪ್ಕೊ ಕೋಕೋ ಕೊಳ್ಳಲು ಮುಂದಾಯಿತು. ಕೊಂಡದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು. ಅಡಿಕೆ ಬೆಳೆಗಾರರ ಸಂಘವೊಂದು ಚಾಕೊಲೇಟ್ ತಯಾರಿಸೀತೆಂದು ಯಾವ ಹೂಡಿಕೆದಾರನೂ ಕನಸು ಕಂಡಿರಲಾರ. ಗಿರಾಕಿ ಕೈಬಿಟ್ಟಾಗ ದಾರಿ ಹುಡುಕಿದ್ದರಲ್ಲಿ ಕುದುರೆಮುಖಕ್ಕೂ ಕ್ಯಾಂಪ್ಕೊಗೂ ಸಾಮ್ಯವಿದೆ. ಕ್ಯಾಂಪ್ಕೊದಲ್ಲಿ ಮಾಲು ತರುವವನೇ ಮಾಲೀಕನೂ ಆಗಿದ್ದ ಕಾರಣ, ಲೆಕ್ಕದಲ್ಲಿ ಬಿಟ್ಟುಹೋಗುವವರು ಕಡಿಮೆಯಾದರು.

ಇನ್ನು ಆಡಲು ಕಷ್ಟವಾದ ಮಾತು. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು ಮಂಗಳೂರಿನಲ್ಲಿಯೇ ಓದಿದವರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ‘ಕೆಫೆ ಕಾಫಿ ಡೇ’ ತೆರೆದರು. ನಮ್ಮ ಮಲೆನಾಡಿನ ಕಾಫಿಯನ್ನು ದೇಶದ ಯುವಜನರ ಪಾನೀಯವಾಗಿಸಿದರು. ಸಾವಿರಾರು ಮಕ್ಕಳಿಗೆ ಕೆಲಸ ಕೊಟ್ಟರು. 2019ರ ಜುಲೈ ಕೊನೆಯಲ್ಲಿ, ಇದೇ ಮಂಗಳೂರಿನ ನೇತ್ರಾವತಿಯಲ್ಲಿ, ಅವರನ್ನು ನಾವು ಕಳೆದುಕೊಂಡೆವು. ಅವರದೆಂದು ಹೊರಬಂದ ಪತ್ರದಲ್ಲಿ ತಾನು ಉದ್ಯಮಿಯಾಗಿ ಸೋತೆನೆಂಬ ಭಾವವಿತ್ತು. ಆ ಹೊತ್ತಿನಲ್ಲಿ ಅವರ ಸಮೂಹದ ಸಾಲ 7 ಸಾವಿರ ಕೋಟಿ ರೂಪಾಯಿ ದಾಟಿತ್ತು. ಆಸ್ತಿಗಳನ್ನು ಮಾರಿ ಎರಡು ವರ್ಷಗಳಲ್ಲಿ ಅದನ್ನು 2 ಸಾವಿರ ಕೋಟಿಗಿಂತ ಕೆಳಕ್ಕೆ ತರಲಾಯಿತು. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರು ಕಂಪನಿಯ ಹೊಣೆ ಹೊತ್ತರು. ಕಂಪನಿಯ ಕಷ್ಟಗಳು ಅಲ್ಲಿಗೆ ಮುಗಿಯಲಿಲ್ಲ. ಆದರೂ ಮಾರಿ ತೀರಿಸಬಹುದಾಗಿದ್ದ ಸಾಲ ಅದು. ಮರಳಿ ಬಾರದ್ದು ಮನುಷ್ಯ.

ಅವರ ಬದುಕಿನ ಬಗ್ಗೆ ತೀರ್ಪು ಕೊಡಲು ನಾನು ಯಾರೂ ಅಲ್ಲ. ನನ್ನ ಮಾತು ಉಳಿದಿರುವ ನಮ್ಮ ಬಗ್ಗೆ. ಉದ್ಯಮ ಸೋತರೆ ಉದ್ಯಮಿಯೇ ಸೋತಂತೆ ಎಂಬ ನೋಟವನ್ನು ಆ ಹುಡುಗರ ತಲೆಗೆ ಹೊರಿಸಿದವರು ಯಾರು? ಸಾಲಗಾರರೂ ಪತ್ರಿಕೆಗಳೂ ಮಾತ್ರವಲ್ಲ, ಮನೆಯವರೂ ಬೀಗರೂ ನೆರೆಯವರೂ. ಕನ್ಯೆ ಕೊಡುವವರು ಮೊದಲು ಕೇಳುವುದು ತಿಂಗಳ ಸಂಬಳವನ್ನು. ಸ್ಟಾರ್ಟಪ್ ಎಂದರೆ ಮುಖ ಸಪ್ಪಗೆ. ಅದು ಮುಚ್ಚಿತು ಎಂದರೆ ಹುಡುಗನನ್ನು ಮದುವೆಮನೆಯಲ್ಲಿ ಮಾತನಾಡಿಸುವವರೂ ಕಡಿಮೆ. ಇಟ್ಟ ಉದ್ಯಮ ನಡೆಯದು ಎಂದು ಅರಿತಾಗ ಸಮಯಕ್ಕೆ ಸರಿಯಾಗಿ ನಿಲ್ಲಿಸಿ, ನೌಕರರಿಗೆ ಕೊನೆಯ ತಿಂಗಳ ಸಂಬಳ ಕೊಟ್ಟು, ಸಾಮಾನು ಕೊಟ್ಟವರ ಬಾಕಿ ತೀರಿಸಿ, ಬಾಗಿಲು ಹಾಕಿ ಮನೆಗೆ ಬಂದವನನ್ನು ನಾನು ಗೆದ್ದವನೆಂದೇ ಎಣಿಸುತ್ತೇನೆ. ಅವನ ಮುಂದಿನ ಉದ್ಯಮಕ್ಕೆ ಜನ ನಂಬಿ ಉದ್ದರಿ ಕೊಡುತ್ತಾರೆ. ಬಾಕಿ ಉಳಿಸಿಕೊಂಡೇ ದೊಡ್ಡದಾಗಿ ಬೆಳೆದವನ ಬಗ್ಗೆ ಅದೇ ಮಾತು ಹೇಳಲಾರೆ. ಆ ತಾಯಿಯಂಥವರು ಮಗನನ್ನು ‘ಎಷ್ಟು ಫಂಡಿಂಗ್ ಬಂತು’ ಎಂದು ಕೇಳುವ ಬದಲು, ಈ ತಿಂಗಳು ಎಲ್ಲರ ಸಂಬಳ ಆಯಿತೇ, ನೀನು ರಾತ್ರಿ ನಿದ್ದೆ ಮಾಡುತ್ತೀಯಾ ಎಂದು ಕೇಳಿದರೆ, ಕಂಪನಿಯ ಸ್ಥಿತಿ ಅವರಿಗೆ ಹೂಡಿಕೆದಾರನಿಗಿಂತ ಚೆನ್ನಾಗಿ ತಿಳಿದೀತು.

ಕಡೆಯದಾಗಿ ನಮ್ಮ ವೇದಿಕೆಗಳ ಮಾತು. ಇದನ್ನು ಮಠದ ಅಂಗಳದಲ್ಲಿ ನಿಂತೇ ಹೇಳಬೇಕು, ಹೊರಗೆ ನಿಂತು ಹೇಳಿದರೆ ಬೆಲೆಯಿಲ್ಲ. ಬಸವ ಜಯಂತಿ, ಜಾತ್ರೆ, ಶ್ರಾವಣ ಮಾಸದ ಪ್ರವಚನಗಳ ಮಂಗಲದಲ್ಲಿ ನಾವು ಉದ್ಯಮಿಗಳಿಗೆ ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ಕೊಡುತ್ತೇವೆ. ‘ಯಶಸ್ವಿ ಉದ್ಯಮಿ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಆ ವಿಶೇಷಣವನ್ನು ಯಾವ ಅಳತೆಯಿಂದ ಕೊಟ್ಟೆವು? ಹೆಚ್ಚಿನ ಸಲ ಅವರ ಕಟ್ಟಡದ ಎತ್ತರ ನೋಡಿ, ಇಲ್ಲವೆ ದಾಸೋಹ ನಿಧಿಗೆ ಬರೆಸಿದ ಮೊತ್ತ ನೋಡಿ. ಅವರ ಕಾರ್ಖಾನೆಯ ಕಾವಲುಗಾರನಿಗೆ ಭವಿಷ್ಯನಿಧಿ ಕಟ್ಟುತ್ತಾರೆಯೇ ಎಂದು ಯಾವ ಸಮಿತಿಯೂ ಕೇಳಿದ್ದನ್ನು ನಾನು ಕಂಡಿಲ್ಲ. ಹೊನ್ನು ಹೆಚ್ಚಾಯಿತೆಂದು ಹಿಂದಿರುಗಿಸಿದವರ ಹೆಸರಿನಲ್ಲಿ ನಾವು ಪ್ರವಚನ ಮಾಡುತ್ತೇವಲ್ಲ, ಇಷ್ಟನ್ನು ಕೇಳಲು ಸಂಕೋಚವೇಕೆ?

ಮುಂದಿನ ಬಸವ ಜಯಂತಿಯ ಸಿದ್ಧತೆಗೆ ಸಮಿತಿ ಸೇರಿದಾಗ ಒಂದು ಸಲಹೆ ಮುಂದಿಡಬೇಕೆಂದಿದ್ದೇನೆ. ಪೂಜ್ಯರ ಅಪ್ಪಣೆಯಾದರೆ, ಸನ್ಮಾನಕ್ಕೆ ಆರಿಸಿದ ಉದ್ಯಮಿಯ ಜೊತೆಗೆ ಅವರ ಸಂಸ್ಥೆಯಲ್ಲಿ ಅತಿ ಕಡಿಮೆ ಸಂಬಳ ಪಡೆಯುವ ಒಬ್ಬರನ್ನೂ ವೇದಿಕೆಗೆ ಕರೆಯೋಣ. ಅದು ಚಹ ಕೊಡುವ ಹುಡುಗನಾಗಿರಬಹುದು, ಗುಡಿಸುವ ಅಕ್ಕನಾಗಿರಬಹುದು, ಸಾಮಾನು ತಲುಪಿಸುವವನಾಗಿರಬಹುದು. ಉದ್ಯಮಿಯ ಬಗ್ಗೆ ಎರಡು ಮಾತು ಆಡುವ ಕೆಲಸವನ್ನು ಅವರಿಗೇ ಒಪ್ಪಿಸೋಣ. ಕರೆಯಲು ಒಪ್ಪದ ಉದ್ಯಮಿಗಳ ಹೆಸರನ್ನು ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಕೈಬಿಡಬಹುದು.